ಬಡ್ಡಿ ಬಿದ್ದ ಮಾತ್ರಕ್ಕೆ ಖಾತೆ ಚಾಲ್ತಿಯಲ್ಲಿರುವುದಿಲ್ಲ

ಹಣಕಾಸು: ಓದುಗರ ಪ್ರಶ್ನೆ, ನಿವೃತ್ತ ಬ್ಯಾಂಕ್ ಅಧಿಕಾರಿಯ ಉತ್ತರ

ಪ್ರಶ್ನೆ: ಹನ್ನೊಂದು ವರ್ಷ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಎಚ್-1ಬಿ ವೀಸಾದಲ್ಲಿ ಕೆಲಸದಲ್ಲಿದ್ದೆ. ಅತ್ತೆಯವರ ಆರೋಗ್ಯ ಕೆಟ್ಟಿದ್ದರಿಂದ 2023ರ ನವೆಂಬರ್‌ನಲ್ಲಿ ಮೈಸೂರಿಗೆ ಮರಳಿದೆವು. ಅಲ್ಲಿನ ಬ್ಯಾಂಕಿನಲ್ಲಿ ನನ್ನ ಹೆಸರಿನ ಒಂದು ಚೆಕಿಂಗ್ (ದಿನಬಳಕೆಯ) ಖಾತೆ, ಒಂದು ಉಳಿತಾಯ ಖಾತೆಯಲ್ಲಿ ಒಟ್ಟು ಸುಮಾರು 14,000 ಡಾಲರ್ ಇದೆ. ಮಗಳು ಮುಂದೆ ಅಲ್ಲಿ ಓದಲು ಹೋದರೆ ಬೇಕಾಗುತ್ತದೆ ಎಂದು ಮುಚ್ಚಿಲ್ಲ. ತಿಂಗಳು ತಿಂಗಳು ಬಡ್ಡಿ ಬೀಳುತ್ತಿದೆಯಲ್ಲ, ಖಾತೆಗೇನೂ ಆಗುವುದಿಲ್ಲ ಎನ್ನುತ್ತಾರೆ ನಮ್ಮ ಭಾವ. ಭಾರತದಲ್ಲಿದ್ದುಕೊಂಡು ಇಂಥ ಖಾತೆ ಇಟ್ಟುಕೊಳ್ಳುವುದೇ ಅಪರಾಧ ಎನ್ನುತ್ತಾರೆ ಪಕ್ಕದ ಮನೆಯವರು. ಯಾರ ಮಾತು ಸರಿ?
– ಓದುಗರೊಬ್ಬರು, ಮೈಸೂರು

ಉತ್ತರ: ಇಬ್ಬರ ಮಾತೂ ಸರಿಯಲ್ಲ. ಪಕ್ಕದ ಮನೆಯವರ ಆತಂಕವನ್ನು ಮೊದಲು ಬದಿಗಿಡಿ. ವಿದೇಶದಲ್ಲಿ ನೆಲೆಸಿದ್ದಾಗ ದುಡಿದು ಗಳಿಸಿದ ವಿದೇಶಿ ಹಣ, ಷೇರು, ಆಸ್ತಿಯನ್ನು ಭಾರತಕ್ಕೆ ಮರಳಿದ ಮೇಲೂ ಅಲ್ಲಿಯೇ ಇಟ್ಟುಕೊಳ್ಳಲು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ (ಫೆಮಾ) 6(4)ನೇ ಸೆಕ್ಷನ್ ಸ್ಪಷ್ಟವಾಗಿ ಅವಕಾಶ ಕೊಡುತ್ತದೆ. ಅದು ನಿಮ್ಮ ಬೆವರಿನ ಹಣ, ಅಂಜಿಕೆಯಿಂದ ಮುಚ್ಚಬೇಡಿ.

ನನಗೆ ನಿಜವಾಗಿ ಕಳವಳ ತಂದದ್ದು ನಿಮ್ಮ ಭಾವನವರ ಮಾತು. ನೀವು ಕಳಿಸಿದ ಸ್ಟೇಟ್‌ಮೆಂಟ್ ಪ್ರತಿಯನ್ನು ಸಾಲು ಸಾಲಾಗಿ ನೋಡಿದೆ. 2023ರ ನವೆಂಬರ್‌ನಲ್ಲಿ ಹೊರಡುವ ಮುನ್ನ ಬಾಡಿಗೆ ಕಟ್ಟಿದ್ದೀರಿ. ಅದಾದ ಮೇಲೆ ಪುಟ ತಿರುಗಿಸಿದಷ್ಟೂ ಒಂದೇ ಸಾಲು: ಬಡ್ಡಿ ಜಮಾ, ಹನ್ನೊಂದು ಸೆಂಟ್, ಬಡ್ಡಿ ಜಮಾ, ಹನ್ನೊಂದು ಸೆಂಟ್. ಕಾನೂನಿನ ಲೆಕ್ಕದಲ್ಲಿ ಇವು ಬ್ಯಾಂಕಿನ ಕೆಲಸ, ನಿಮ್ಮದಲ್ಲ. ಖಾತೆದಾರರು ತಾವಾಗಿ ಮಾಡಿದ ವ್ಯವಹಾರ ಅಲ್ಲಿ ಒಂದೂ ಇಲ್ಲ.

ಅಮೆರಿಕದಲ್ಲಿ ಹೀಗೆ ಒಡೆಯರ ಸುಳಿವಿಲ್ಲದ ಹಣ ಬ್ಯಾಂಕಿನಲ್ಲೇ ಉಳಿಯುವುದಿಲ್ಲ, ರಾಜ್ಯ ಸರ್ಕಾರದ ವಶಕ್ಕೆ ಹೋಗುತ್ತದೆ. ಅವಧಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಬ್ಯಾಂಕ್ ಠೇವಣಿಗೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಕ್ಯಾಲಿಫೋರ್ನಿಯಾದಲ್ಲಿ ಮೂರೇ ವರ್ಷ. ಅಂದರೆ ನಿಮಗೆ 2026ರ ನವೆಂಬರ್‌ವರೆಗೆ ಮಾತ್ರ ಸಮಯವಿದೆ. ವರ್ಗಾಯಿಸುವ ಮುನ್ನ ಎಚ್ಚರಿಕೆಯ ಪತ್ರ ಕಳಿಸುತ್ತಾರೆ ನಿಜ, ಆದರೆ ದಾಖಲೆಯಲ್ಲಿರುವ ವಿಳಾಸಕ್ಕೆ. ನಿಮ್ಮ ಸ್ಟೇಟ್‌ಮೆಂಟಿನ ಮೇಲೆ ಇಂದಿಗೂ ಫ್ರೀಮಾಂಟಿನ ಅಪಾರ್ಟ್‌ಮೆಂಟ್ ವಿಳಾಸವೇ ಅಚ್ಚಾಗಿದೆ. ಈಗ ಅಲ್ಲಿ ವಾಸವಿರುವವರು ಆ ಲಕೋಟೆಯನ್ನು ನಿಮಗೆ ತಲುಪಿಸುವ ಕಷ್ಟ ಏಕೆ ತೆಗೆದುಕೊಂಡಾರು? ಒಂದು ವೇಳೆ ಹಣ ಸರ್ಕಾರಕ್ಕೆ ಹೋದರೂ ಮುಳುಗುವುದಿಲ್ಲ. ಇಂಥ ಹಣ ನೋಡಿಕೊಳ್ಳುವ ಅಲ್ಲಿನ ಸ್ಟೇಟ್ ಕಂಟ್ರೋಲರ್ ಕಚೇರಿಯ ಜಾಲತಾಣದಲ್ಲಿ ಹೆಸರು ಹುಡುಕಿ, ಯಾವಾಗ ಬೇಕಾದರೂ ಕೇಳಿ ಪಡೆಯಬಹುದು. ಆದರೆ ಮೈಸೂರಿನಲ್ಲಿ ಕುಳಿತು ಹಳೆಯ ವಿಳಾಸದ ಪುರಾವೆ, ಗುರುತಿನ ದಾಖಲೆ ಒದಗಿಸುವ ಅಲೆದಾಟ ಸಣ್ಣದಲ್ಲ.

ಈ ವಾರವೇ ಉಳಿತಾಯ ಖಾತೆಯಿಂದ ಚೆಕಿಂಗ್ ಖಾತೆಗೆ ಐವತ್ತು ಡಾಲರ್ ವರ್ಗಾಯಿಸಿ. ಮರುದಿನ ಬೇಕಿದ್ದರೆ ವಾಪಸ್ ಹಾಕಿ. ಎರಡೂ ಖಾತೆಗಳಲ್ಲಿ ನಿಮ್ಮ ಕೈ ಆಡಿದಂತಾಗುತ್ತದೆ. ಎರಡರಲ್ಲೂ ವ್ಯವಹಾರ ಆಗಬೇಕು, ಏಕೆಂದರೆ ಒಂದನ್ನು ಬಳಸಿದರೆ ಇನ್ನೊಂದೂ ಚಾಲ್ತಿಯಲ್ಲಿರುತ್ತದೆ ಎಂದು ನಂಬಿಕೊಳ್ಳುವಂತಿಲ್ಲ. ಬ್ಯಾಂಕಿನ ಒಳನಿಯಮ ಕಾನೂನಿಗಿಂತ ಬಿಗಿಯಾಗಿರುವುದುಂಟು. ಆರು ತಿಂಗಳಿಗೊಮ್ಮೆ ಹೀಗೆ ಮಾಡುವುದು ಕ್ಷೇಮ.

ಇದಕ್ಕೆಲ್ಲ ಒಟಿಪಿ ಬೇಕು, ಒಟಿಪಿಗೆ ಅಮೆರಿಕದ ಮೊಬೈಲ್ ಸಂಖ್ಯೆ ಬೇಕು. ನಾನು ವಿದೇಶಿ ವಿನಿಮಯ ವಿಭಾಗದಲ್ಲಿದ್ದ ಕೊನೆಯ ವರ್ಷಗಳಲ್ಲಿ ಮರಳಿ ಬಂದವರು ಹೆಚ್ಚಾಗಿ ಸಿಕ್ಕಿಕೊಳ್ಳುತ್ತಿದ್ದದ್ದು ಇಲ್ಲಿಯೇ. ಹಣವಿದೆ, ಪಾಸ್‌ವರ್ಡ್ ನೆನಪಿದೆ, ಸಿಮ್ ಮಾತ್ರ ಸತ್ತಿದೆ. ನಿಮ್ಮ ಸಂಖ್ಯೆ ಇನ್ನೂ ಉಳಿದಿದ್ದರೆ ಅತಿ ಕಡಿಮೆ ದರದ ಪ್ರೀಪೇಯ್ಡ್ ಯೋಜನೆಗೆ ಬದಲಾಯಿಸಿ ಉಳಿಸಿಕೊಳ್ಳಿ. ಬ್ಯಾಂಕ್ ಭಾರತದ ಸಂಖ್ಯೆಯನ್ನು ಒಪ್ಪುತ್ತದೆಯೇ, ಆ್ಯಪ್ ಮೂಲಕವೇ ದೃಢೀಕರಣ ಸಾಧ್ಯವೇ ಎಂದೂ ಕೇಳಿ. ಅಂತರ್ಜಾಲದ ಮೂಲಕ ನಡೆಯುವ ಸಂಖ್ಯೆಗಳಿಗೆ ಕೆಲವು ಬ್ಯಾಂಕುಗಳು ಒಟಿಪಿ ಕಳಿಸುವುದಿಲ್ಲ. ಆದ್ದರಿಂದ ಹೊಸ ಸಂಖ್ಯೆಗೆ ಒಮ್ಮೆ ಒಟಿಪಿ ಬಂದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಹಳೆಯದನ್ನು ಬಿಡಿ.

ವಿಳಾಸದ ವಿಷಯದಲ್ಲಿ ಅಡ್ಡದಾರಿ ಬೇಡ. ಅಲ್ಲಿರುವ ಗೆಳತಿಯ ಮನೆ ವಿಳಾಸ ಕೊಟ್ಟು ಅಲ್ಲಿಯೇ ಇದ್ದೇನೆ ಎನ್ನುವವರು ಬಹಳ ಮಂದಿ. ಅಂಚೆಗೆ ಆ ವಿಳಾಸ ಕೊಡಬಹುದು, ವಾಸದ ವಿಳಾಸವಾಗಿ ಕೊಡುವುದು ಸುಳ್ಳು ಘೋಷಣೆ. ಮೈಸೂರಿನ ವಿಳಾಸವನ್ನೇ ಕೊಡಿ. ಹೊರದೇಶದ ವಿಳಾಸ ಒಪ್ಪದ ಬ್ಯಾಂಕುಗಳೂ ಇವೆ. ನಿಮ್ಮದು ಅಂಥದ್ದಾದರೆ ಅದು ಮುಚ್ಚುವವರೆಗೆ ಕಾಯದೆ ಒಪ್ಪುವ ಬ್ಯಾಂಕಿಗೆ ಹಣ ಸಾಗಿಸಿ. ಜೊತೆಗೆ ತೆರಿಗೆಯ ಲೆಕ್ಕದಲ್ಲಿ ನಾನು ಅಮೆರಿಕದ ನಿವಾಸಿಯಲ್ಲ ಎಂದು ಬ್ಯಾಂಕಿಗೆ ತಿಳಿಸುವ ಡಬ್ಲ್ಯೂ-8ಬೆನ್ ಎಂಬ ನಮೂನೆ ತುಂಬಿ ಕೊಡಬೇಕು. ಅಮೆರಿಕದ ಪೌರರೂ ಗ್ರೀನ್ ಕಾರ್ಡ್ ಉಳ್ಳವರೂ ಅಲ್ಲದ, ಅಲ್ಲಿ ವಾಸವಿಲ್ಲದ ನಿಮ್ಮಂಥವರ ಬ್ಯಾಂಕ್ ಬಡ್ಡಿಗೆ ಆ ದೇಶ ತೆರಿಗೆ ಹಾಕುವುದಿಲ್ಲ. ಸಹಿ ಮಾಡಿದ ವರ್ಷದ ನಂತರದ ಮೂರು ವರ್ಷ ಆ ನಮೂನೆ ನಡೆಯುತ್ತದೆ. 2026ರಲ್ಲಿ ಕೊಟ್ಟರೆ 2029ರ ಡಿಸೆಂಬರ್ 31ರವರೆಗೆ.

ಇನ್ನು ಇಲ್ಲಿನ ಆದಾಯ ತೆರಿಗೆ. ದೀರ್ಘಕಾಲ ಹೊರಗಿದ್ದು ಬಂದವರಿಗೆ ಮೊದಲ ಕೆಲವು ವರ್ಷ ‘ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ’ ಎಂಬ ಸ್ಥಾನ ಸಿಗುತ್ತದೆ. ನೀವು ಕೊಟ್ಟ ದಿನಾಂಕಗಳಂತೆ 2024-25 ಮತ್ತು 2025-26 ನಿಮಗೆ ಈ ವರ್ಷಗಳು. ಆ ಅವಧಿಯಲ್ಲಿ ಅಮೆರಿಕದ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ವಿದೇಶಿ ಆಸ್ತಿಯ ವಿವರ ಕೊಡುವ ಹಂಗೂ ಇಲ್ಲ. 2026ರ ಏಪ್ರಿಲ್ 1ರಿಂದ ನೀವು ಸಾಮಾನ್ಯ ನಿವಾಸಿ. ಆ ವರ್ಷದ ಲೆಕ್ಕವನ್ನು 2027ರಲ್ಲಿ ಸಲ್ಲಿಸುವಾಗ ಹನ್ನೊಂದು ಸೆಂಟಿನ ಬಡ್ಡಿಯನ್ನೂ ಸೇರಿಸಿ, ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಎರಡೂ ಖಾತೆಗಳನ್ನು ತೋರಿಸಬೇಕು. ಆ ಪಟ್ಟಿ ಕೇಳುವುದು ಜನವರಿಯಿಂದ ಡಿಸೆಂಬರ್‌ವರೆಗಿನ ವಿವರ: ವರ್ಷದ ಅತಿ ಹೆಚ್ಚಿನ ಶಿಲ್ಕು, ಕೊನೆಯ ಶಿಲ್ಕು, ಬಡ್ಡಿ. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ ಹತ್ತು ಲಕ್ಷ ರೂಪಾಯಿ ದಂಡ. ಸ್ಥಿರಾಸ್ತಿ ಬಿಟ್ಟು ಒಟ್ಟು ಮೌಲ್ಯ ಇಪ್ಪತ್ತು ಲಕ್ಷ ಮೀರದಿದ್ದರೆ 2024ರ ಅಕ್ಟೋಬರ್‌ನಿಂದ ಈ ದಂಡವಿಲ್ಲ. ನಿಮ್ಮ ಹಣ ಆ ಮಿತಿಯೊಳಗಿದ್ದರೂ ತೋರಿಸುವ ಕರ್ತವ್ಯ ತಪ್ಪುವುದಿಲ್ಲ. ಭಾರತ, ಅಮೆರಿಕ 2015ರಲ್ಲಿ ಮಾಡಿಕೊಂಡ ಮಾಹಿತಿ ವಿನಿಮಯ ಒಪ್ಪಂದದ ಪ್ರಕಾರ ಖಾತೆಯ ಮಾಹಿತಿ ಎರಡು ದೇಶಗಳ ನಡುವೆ ಹರಿದಾಡುತ್ತಲೇ ಇದೆ.

ನೀವು ಕೇಳದ ಒಂದನ್ನು ಹೇಳದೆ ಇರಲಾರೆ. ಖಾತೆ ನಿಮ್ಮೊಬ್ಬರ ಹೆಸರಿನಲ್ಲಿದೆ. ನಿಮ್ಮ ನಂತರ ಹಣ ಯಾರಿಗೆ ಎಂದು ‘ಪೇಯಬಲ್ ಆನ್ ಡೆತ್’ ಅಡಿಯಲ್ಲಿ ಮಗಳ ಅಥವಾ ಯಜಮಾನರ ಹೆಸರು ಬರೆಸಿ. ಗಂಡನ ಸಾವಿನ ನಂತರ ಹೊರದೇಶದ ಖಾತೆಯ ಒಂದು ಹಾಳೆ ಹಿಡಿದು ನನ್ನ ಮೇಜಿನ ಮುಂದೆ ಕುಳಿತ ತಾಯಂದಿರನ್ನು ಕಂಡಿದ್ದೇನೆ. ಅವರ ಬಳಿ ಇರುತ್ತಿದ್ದದ್ದು ಆ ಹಾಳೆಯೊಂದೇ.

ಪ್ರಶ್ನೆ: ಮಗ ದುಬೈಗೆ ಹೋಗಿ ನಾಲ್ಕು ವರ್ಷವಾಯಿತು. ಇಲ್ಲಿನ ಅವನ ಉಳಿತಾಯ ಖಾತೆ ನಿಷ್ಕ್ರಿಯವಾಗಿದೆ, ಹಣ ಹೋಯಿತೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹೋಗಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಖಾತೆದಾರ ವ್ಯವಹರಿಸದಿದ್ದರೆ ನಮ್ಮಲ್ಲಿ ಖಾತೆ ನಿಷ್ಕ್ರಿಯವಾಗುತ್ತದೆ, ಉಳಿತಾಯದ ಬಡ್ಡಿ ಮಾತ್ರ ಬೀಳುತ್ತಲೇ ಇರುತ್ತದೆ. 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಮರುಚಾಲನೆಗೆ ಶುಲ್ಕವಿಲ್ಲ, ಕನಿಷ್ಠ ಶಿಲ್ಕಿನ ದಂಡವನ್ನೂ ಹಾಕುವಂತಿಲ್ಲ. ಹತ್ತು ವರ್ಷ ಕಳೆದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಆಗಲೂ ಬ್ಯಾಂಕಿನ ಮೂಲಕವೇ ಕೇಳಿ ಪಡೆಯಬಹುದು.

ಅನಿವಾಸಿಯಾದ ಮೇಲೆ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ (ಅನಿವಾಸಿಗಳ ರೂಪಾಯಿ ಖಾತೆ) ಬದಲಾಯಿಸಬೇಕಿತ್ತು. ಎರಡೂ ಕೆಲಸ ಒಟ್ಟಿಗೇ ಆಗಲಿ. ಮುಂದಿನ ರಜೆಗೆ ಬಂದಾಗ ಪಾಸ್‌ಪೋರ್ಟ್, ವೀಸಾ, ಪ್ಯಾನ್ ಹಿಡಿದು ಶಾಖೆಗೆ ಹೋಗಲಿ. ಮರುಚಾಲನೆಯ ಕೆವೈಸಿ ಅದೇ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಆಗುತ್ತದೆ. ರಜೆ ದೂರವಿದ್ದರೆ ದುಬೈನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿದ ಪ್ರತಿಗಳನ್ನು ಕಳಿಸಬಹುದು. ಅಲ್ಲಿಯವರೆಗೆ ಅವನ ಊರಿನ ಸಿಮ್‌ಗೆ ನೀವು ರೀಚಾರ್ಜ್ ಮಾಡಿಸುತ್ತಿರಿ. ಪ್ರೀಪೇಯ್ಡ್ ಸಂಖ್ಯೆ 90 ದಿನ ಬಳಕೆಯಿಲ್ಲದೆ, ಇಪ್ಪತ್ತು ರೂಪಾಯಿ ಶಿಲ್ಕೂ ಇಲ್ಲದೆ ಉಳಿದರೆ ಕಂಪನಿ ಅದನ್ನು ರದ್ದುಪಡಿಸಿ ಬೇರೆಯವರಿಗೆ ಕೊಡಬಹುದು.