ಇಂಗ್ಲೆಂಡಿನಲ್ಲಿ ಒಂದು ಸಾಧಾರಣ ದಿನ: ಹೊಸದಾಗಿ ಬರುವವರ ಪ್ರಶ್ನೆಗೆ ಉತ್ತರ

ನಮಸ್ಕಾರ. ಪತ್ನಿ ಮತ್ತು ನಾಲ್ಕು ವರ್ಷದ ಮಗಳೊಂದಿಗೆ ಇಂಗ್ಲೆಂಡಿಗೆ ಬರುತ್ತಿರುವುದಾಗಿ ತಿಳಿಸಿ, ವೈದ್ಯರು, ಮನೆ, ಅಡುಗೆ ಇವೆಲ್ಲ ಇಲ್ಲಿ ದಿನನಿತ್ಯ ಹೇಗೆ ನಡೆಯುತ್ತವೆ ಎಂದು ಕೇಳಿದ್ದೀರಿ. ಬಹುಕಾಲದಿಂದ ರೆಡಿಂಗ್‌ನಲ್ಲಿ ಸಂಸಾರ ನಡೆಸುತ್ತಿರುವ ನನಗೆ ಕಾಣುವ ದೊಡ್ಡ ವ್ಯತ್ಯಾಸವೆಂದರೆ, ಇಲ್ಲಿ ಬಾಗಿಲಿಗೆ ಹೋಗಿ ನಿಂತ ಮಾತ್ರಕ್ಕೆ ಕೆಲಸ ಆಗುವುದು ಅಪರೂಪ. ಮೊದಲೇ ಸಮಯ ಗೊತ್ತುಮಾಡಿಕೊಂಡಿರಬೇಕು. ನಿನ್ನೆಯ ದಿನವನ್ನೇ ಉದಾಹರಣೆಯಾಗಿ ಹೇಳುತ್ತೇನೆ.

ಬೆಳಿಗ್ಗೆ ಮೊಣಕಾಲು ನೋವಿಗಾಗಿ ಜಿಪಿಯವರನ್ನು, ಅಂದರೆ ನಮ್ಮ ಬಡಾವಣೆಯ ಕುಟುಂಬ ವೈದ್ಯರನ್ನು ಕಂಡೆ. ಬೆಂಗಳೂರಿನಲ್ಲಿ ಮಾಡುವಂತೆ ನೇರವಾಗಿ ಮೂಳೆ ತಜ್ಞರ ಬಳಿಗೆ ಹೋಗುವ ರೂಢಿ ಇಲ್ಲಿಲ್ಲ. ಸಾಮಾನ್ಯವಾಗಿ ಜಿಪಿಯವರೇ ಕಳುಹಿಸಿಕೊಡಬೇಕು. ಬೆಳಿಗ್ಗೆ 8 ಗಂಟೆಗೆ ಫೋನ್ ತೆರೆದೊಡನೆ ಸಾಲು ಬೆಳೆಯುವುದರಿಂದ, ತುರ್ತಲ್ಲದ ತೊಂದರೆಗೆ ಆನ್‌ಲೈನ್ ಅರ್ಜಿಯೇ ವಾಸಿ. ಭೇಟಿಗೆ ಸಿಗುವುದು ಸುಮಾರು 10 ನಿಮಿಷವಾದ್ದರಿಂದ, ನೋವು ಎಂದಿನಿಂದ, ಯಾವ ಹೊತ್ತಿನಲ್ಲಿ ಹೆಚ್ಚು, ಯಾವ ಮಾತ್ರೆ ನುಂಗಿದ್ದೇನೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗುತ್ತೇನೆ. ಮನೆ ಗೊತ್ತಾದ ವಾರದಲ್ಲೇ ನೀವು ಮೂವರೂ ಹೆಸರು ನೋಂದಾಯಿಸಿ. ಕಾಯಿಲೆ ಬಂದಾಗ ನೋಡೋಣ ಎಂದು ಮುಂದೂಡಬೇಡಿ. ಮಗಳ ಲಸಿಕೆ ಕಾರ್ಡು ಕೈಚೀಲದಲ್ಲಿಯೇ ಇರಲಿ. ಮಕ್ಕಳ ಕಿವಿನೋವು, ಗಂಟಲುನೋವಿನಂಥ ಏಳು ತೊಂದರೆಗಳನ್ನು 2024ರ ಜನವರಿಯಿಂದ ಔಷಧಿ ಅಂಗಡಿಯ ಫಾರ್ಮಸಿಸ್ಟರೇ ನೋಡಿ, ಅಗತ್ಯವಿದ್ದರೆ ಆಂಟಿಬಯಾಟಿಕ್ ಕೊಡುತ್ತಾರೆ. ವೈದ್ಯರು ಬರೆದುಕೊಟ್ಟ ಔಷಧಿಗೆ 16 ತುಂಬದ ಮಕ್ಕಳಿಗೆ ಶುಲ್ಕವಿಲ್ಲ. ರಾತ್ರಿ ಜ್ವರವೇರಿ ಏನೂ ತೋಚದಿದ್ದರೆ 111ಕ್ಕೆ, ಪ್ರಾಣಾಪಾಯವಿದ್ದರೆ 999ಕ್ಕೆ ಕರೆ ಮಾಡಿ.

ಮಧ್ಯಾಹ್ನ, ಅಡುಗೆಮನೆಯನ್ನು ಹಿತ್ತಿಲ ಕಡೆಗೆ ದೊಡ್ಡದು ಮಾಡುವ ನಮ್ಮ ಯೋಜನೆಗೆ ಅಳತೆ ತೆಗೆಯಲು ಬಿಲ್ಡರ್ ಬಂದಿದ್ದರು. ನಮ್ಮದು ನೆರೆಮನೆಯೊಂದಿಗೆ ಒಂದು ಗೋಡೆ ಹಂಚಿಕೊಂಡಿರುವ ಮನೆ. ಇಂಥ ಮನೆಯ ಹಿಂಬದಿಯಲ್ಲಿ, ಎತ್ತರ ಮೊದಲಾದ ಷರತ್ತುಗಳಿಗೆ ಒಳಪಟ್ಟು, 3 ಮೀಟರ್‌ವರೆಗೆ ಹೊರಚಾಚುವ ಒಂದಂತಸ್ತಿನ ಕೋಣೆಯನ್ನು ಪ್ಲಾನಿಂಗ್ ಅರ್ಜಿ, ಅಂದರೆ ಕಟ್ಟಲು ಅನುಮತಿ ಕೋರಿ ಸ್ಥಳೀಯ ಆಡಳಿತಕ್ಕೆ ಕೊಡುವ ಅರ್ಜಿ, ಹಾಕದೆಯೇ ಕಟ್ಟಲು ಸಾಮಾನ್ಯವಾಗಿ ಅವಕಾಶವಿದೆ. ಆದರೆ ಪಾಯ, ತೊಲೆ, ವಿದ್ಯುತ್ ಕೆಲಸಗಳ ತಪಾಸಣೆ ಬೇರೆಯದೇ, ಅದನ್ನು ತಪ್ಪಿಸುವಂತಿಲ್ಲ. ನೆರೆಮನೆಯಿಂದ 3 ಮೀಟರ್ ಒಳಗೆ ಅವರ ಪಾಯಕ್ಕಿಂತ ಆಳವಾಗಿ ಅಗೆಯುವುದಾದರೆ, 1996ರ ಪಾರ್ಟಿ ವಾಲ್ (ನೆರೆಯವರೊಂದಿಗೆ ಹಂಚಿಕೊಂಡ ಗೋಡೆ) ಕಾಯಿದೆಯ ಪ್ರಕಾರ ಕನಿಷ್ಠ ಒಂದು ತಿಂಗಳು ಮುಂಚೆ ಅವರಿಗೆ ನೋಟಿಸ್ ಕೊಡಬೇಕು. ನೋಟಿಸಿಗೆ ಮೊದಲು ನಾವು ನಕ್ಷೆ ಹಿಡಿದುಕೊಂಡು ನೆರೆಯವರ ಮನೆಗೇ ಹೋಗಿ ಎಲ್ಲವನ್ನೂ ವಿವರಿಸಿ ಬಂದೆವು. ಕಾನೂನು ಏನೇ ಹೇಳಲಿ, ನೆರೆಯವರೊಡನೆ ಮಾತು ಮೊದಲಾಗಬೇಕು ಎಂದು ನಾನು ದೃಢವಾಗಿ ನಂಬಿದ್ದೇನೆ. ನೀವು ಮೊದಲು ಬಾಡಿಗೆ ಮನೆಗೆ ಬರುವುದರಿಂದ, ನಿಮ್ಮ ಮುಂಗಡ ಹಣವನ್ನು ಮಾಲೀಕರು 30 ದಿನದೊಳಗೆ ಸರ್ಕಾರದ ಒಪ್ಪಿಗೆಯಿರುವ ಠೇವಣಿ ರಕ್ಷಣಾ ವ್ಯವಸ್ಥೆಗೆ ಸೇರಿಸಿದ್ದಾರೆಯೇ ಎಂದು ವಿಚಾರಿಸಿ. ಗ್ಯಾಸ್ ಇರುವ ಮನೆಯಾದರೆ ವಾರ್ಷಿಕ ತಪಾಸಣೆಯ ಪತ್ರದ ಪ್ರತಿಯನ್ನೂ ಕೇಳಿ ಪಡೆಯಿರಿ. ದೇವರ ಪಟಕ್ಕೆ ಮೊಳೆ ಹೊಡೆಯುವುದಕ್ಕೂ ಲಿಖಿತ ಒಪ್ಪಿಗೆ ಇರಲಿ.

ಅಡುಗೆಯ ವಿಷಯದಲ್ಲಿ ನಿಮ್ಮ ಪತ್ನಿಯವರಿಗೆ ಆತಂಕ ಬೇಡ. ರಾಗಿ ಹಿಟ್ಟು, ಜೋಳದ ಹಿಟ್ಟು, ತೊಗರಿಬೇಳೆ, ಕರಿಬೇವು ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಮನೆಯ ಸಾರಿನಪುಡಿಯನ್ನು ಧಾರಾಳವಾಗಿ ತನ್ನಿ. ತುಪ್ಪ, ಪೇಡ ಮುಂತಾದ ಹಾಲಿನ ಪದಾರ್ಥಗಳನ್ನು ಭಾರತದಿಂದ ತರಲು ಅನುಮತಿಯಿಲ್ಲ, ಅಮ್ಮ ಎಷ್ಟೇ ಒತ್ತಾಯಿಸಿದರೂ ಬಿಟ್ಟು ಬನ್ನಿ. ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿಯುವುದಿಲ್ಲವೆಂಬುದೇ ಹೊಸಬರ ದೊಡ್ಡ ದೂರು. ನಾನು ನಿನ್ನೆ ರಾತ್ರಿಯೂ ಮಾಡಿದ್ದು ಇಷ್ಟೇ: ರುಬ್ಬಿದ ಹಿಟ್ಟನ್ನು ಅರ್ಧ ಪಾತ್ರೆ ಮಾತ್ರ ತುಂಬಿ, ಉಕ್ಕಿದರೆ ಹಿಡಿಯಲು ಅಡಿಯಲ್ಲೊಂದು ತಟ್ಟೆಯಿಟ್ಟು, ಓವನ್ನಿನ ಕಾವು ಹಚ್ಚದೆ ಒಳಗಿನ ದೀಪವನ್ನಷ್ಟೇ ಹಚ್ಚಿ ಬಾಗಿಲು ಮುಚ್ಚಿದೆ. ಬೆಳಗಾಗುವಷ್ಟರಲ್ಲಿ ಹಿಟ್ಟು ಚೆನ್ನಾಗಿ ಉಬ್ಬಿ, ಸೌಟು ಹಾಕಿದರೆ ಗುಳ್ಳೆಯೊಡೆಯುತ್ತಿತ್ತು. ಮನೆಯವರು ತಿಳಿಯದೆ ಓವನ್ ಹಚ್ಚದಂತೆ ಬಾಗಿಲಿಗೊಂದು ಚೀಟಿ ಅಂಟಿಸುವುದನ್ನು ಮರೆಯಬೇಡಿ.

ಯಾವ ಊರಿನಲ್ಲಿ ಮನೆ ಸಿಕ್ಕಿತೆಂದು ತಿಳಿಸಿ. ಅಲ್ಲಿಗೆ ಹತ್ತಿರದ ಅಂಗಡಿ ಯಾವುದೆಂದು ಪರಿಚಯದವರನ್ನು ವಿಚಾರಿಸಿ ಹೇಳುತ್ತೇನೆ.