ಬಣ್ಣ ನಮ್ಮದು, ವಿಮಾನ ಯಾರದು?

ಯುದ್ಧವಿಮಾನಗಳ ಸಿಮ್ಯುಲೇಟರ್ ಆಟಗಳ ಬಗ್ಗೆ ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರಗಳು.

ಪ್ರಶ್ನೆ: ಮಾಳಗಿ ಮ್ಯಾಲ ನಿಂತ್ರ ಸಾಕು, ದಿನಾ ಹಾಕ್ ವಿಮಾನ ಕಾಣ್ತಾವ. ಸೂರ್ಯಕಿರಣ್ ತಂಡದ ಹಾಕ್ ಡಿಸಿಎಸ್ ಆಟದಾಗ ಹಾರಿಸಬೇಕಂದ್ರ ಏನ್ ಮಾಡಬೇಕ್ರಿ?
— ಓದುಗರು, ಬೀದರ್

ಉತ್ತರ: ಡಿಸಿಎಸ್ (ಡಿಜಿಟಲ್ ಕಾಂಬ್ಯಾಟ್ ಸಿಮ್ಯುಲೇಟರ್) ಎಂಬ ಈ ಕಂಪ್ಯೂಟರ್ ಆಟಕ್ಕೆ ಹಿಂದೆ ಹಾಕ್ ಟಿ.1ಎ ಮಾಡ್ಯೂಲ್, ಅಂದರೆ ಆಟಕ್ಕೆ ಸೇರಿಸಿಕೊಳ್ಳುವ ವಿಮಾನ, ಇತ್ತು. ತಯಾರಿಸಿದ ಸಂಸ್ಥೆ 2018ರಲ್ಲಿ ಅದನ್ನು ಕೈಬಿಟ್ಟಿತು. ಆಟದ ಈಗಿನ ಆವೃತ್ತಿಯಲ್ಲಿ ಅದು ಓಡುವುದಿಲ್ಲ. ಅದನ್ನು ತೆರೆಯುವ ಹಳೆಯ ಕೀ (ಸಂಕೇತ) ಮಾರುತ್ತೇವೆಂದು ಯಾರಾದರೂ ಬಂದರೆ ದುಡ್ಡು ಕೊಡಬೇಡಿ. ಅದು ಸಿಕ್ಕಿದ್ದರೂ ಬೀದರಿನ ಹಾಕ್ ಆಗುತ್ತಿರಲಿಲ್ಲ. ಟಿ.1ಎ ಬ್ರಿಟನ್ನಿನ ಹಳೆಯ ತರಬೇತಿ ವಿಮಾನ. ಅಡೂರ್ 151 ಎಂಜಿನ್, ಮುಳ್ಳಿನ ಮೀಟರುಗಳ ಕಾಕ್‌ಪಿಟ್. 2008ರಲ್ಲಿ ಬೀದರ್ ವಾಯುನೆಲೆಗೆ ಬಂದದ್ದು ಎಂಕೆ 132: ಅಡೂರ್ 871 ಎಂಜಿನ್, ಪರದೆಗಳ ಕಾಕ್‌ಪಿಟ್, ಎದುರಿಗೆ ಹೆಡ್ ಅಪ್ ಡಿಸ್‌ಪ್ಲೇ.

ಇದಕ್ಕೆ ಹತ್ತಿರದ್ದು ಟಿ-45ಸಿ ಗಾಸ್‌ಹಾಕ್ ಎಂಬ ಉಚಿತ ಮಾಡ್ (ಹವ್ಯಾಸಿಗಳು ಮಾಡಿದ ಸೇರ್ಪಡೆ). ಅಮೆರಿಕದ ನೌಕಾಪಡೆಗಾಗಿ ಹಾಕ್ ಅನ್ನೇ ಮಾರ್ಪಡಿಸಿದ ವಿಮಾನ ಅದು. ಅದರ ಎಂಜಿನ್ ಅಡೂರ್ 871ರ ಒಡಹುಟ್ಟು, ಕಾಕ್‌ಪಿಟ್ಟಿನಲ್ಲಿ ಪರದೆಗಳೂ ಇವೆ. ಮಾಡ್ ಅನ್ನು ಸೇವ್ಡ್ ಗೇಮ್ಸ್ ಒಳಗಿನ ಡಿಸಿಎಸ್, ಅದರೊಳಗೆ ಮಾಡ್ಸ್, ಅದರೊಳಗೆ ಏರ್‌ಕ್ರಾಫ್ಟ್ ಫೋಲ್ಡರಿಗೆ ಹಾಕಿ. ಆಮೇಲೆ ಸೂರ್ಯಕಿರಣ್ ತಂಡದ ಕೆಂಪು-ಬಿಳಿ ಬಣ್ಣ ಬಳಿಯಿರಿ.

ಎರಡು ಕಡೆ ಮಾತ್ರ ಎಚ್ಚರ ಬೇಕು. ಟಿ-45ರ ರೆಕ್ಕೆಯ ಮುಂಚೂಣಿಯಲ್ಲಿ ಸ್ಲ್ಯಾಟ್ (ಮುಂದಕ್ಕೆ ಸರಿಯುವ ಪಟ್ಟಿ) ಇದೆ, ಹಾಕ್‌ಗೆ ಇಲ್ಲ; ಆದ್ದರಿಂದ ಇಳಿಯುವಾಗಿನ ವೇಗಗಳನ್ನು ಹಾಕ್‌ನವೆಂದು ಕಲಿಯಬೇಡಿ. ಏರ್‌ಬ್ರೇಕ್ (ಗಾಳಿಗೆ ಒಡ್ಡಿ ವೇಗ ತಗ್ಗಿಸುವ ಫಲಕ) ಟಿ-45ರಲ್ಲಿ ಹಿಂಬದಿಯ ಎರಡೂ ಪಕ್ಕದಲ್ಲಿದೆ; ಹಾಕ್‌ನಲ್ಲಿ ಹೊಟ್ಟೆಯ ಕೆಳಗಿದ್ದು, ಚಕ್ರ ಇಳಿಸಿದೊಡನೆ ತಾನೇ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಚಕ್ರ ಇಳಿದ ಮೇಲೆ ಏರ್‌ಬ್ರೇಕ್ ಗುಂಡಿ ಮುಟ್ಟದೆ ಥ್ರಾಟಲ್‌ನಿಂದಲೇ ವೇಗ ಹಿಡಿದಿಡುವ ಅಭ್ಯಾಸ ಮಾಡಿ. ಚಕ್ರ ಎತ್ತಿಕೊಂಡು ಸಾಲಾಗಿ ಹಾರುವ ಅಭ್ಯಾಸಕ್ಕೆ ಈ ವಿಮಾನ ಧಾರಾಳ ಸಾಕು.

ಪ್ರಶ್ನೆ: ಕಾರ್ಗಿಲ್ ಮಿಷನ್ ಕಟ್ಟುತ್ತಿದ್ದೇನೆ. ಎಂ-2000ಸಿ ಮಿರಾಜ್‌ಗೆ ಭಾರತೀಯ ವಾಯುಪಡೆಯ ಬಣ್ಣ ಹಾಕಿದೆ. ಆದರೆ ಲೈಟನಿಂಗ್ ಪಾಡ್ ಪಟ್ಟಿಯಲ್ಲೇ ಇಲ್ಲ. ಯಾಕೆ?
— ಓದುಗರು, ಕಲಬುರಗಿ

ಉತ್ತರ: ಯಾಕೆಂದರೆ ಅದು ಫ್ರಾನ್ಸಿನ ವಾಯುಪಡೆಯ ಮಿರಾಜ್. ಶತ್ರು ವಿಮಾನಗಳನ್ನು ತಡೆಯುವುದಕ್ಕೆಂದೇ ಮಾಡಿದ ಆರ್‌ಡಿಐ ರಾಡಾರ್ ಅದರಲ್ಲಿದೆ. ನಮ್ಮ 2000ಎಚ್ ಬಂದದ್ದು ಆರ್‌ಡಿಎಂ ರಾಡಾರ್ ಜೊತೆ. ಗುರಿಗೆ ಲೇಸರ್ ಹಾಯಿಸುವ ಲೈಟನಿಂಗ್ ಪಾಡ್ ಇಸ್ರೇಲಿನದು. 1999ರ ಯುದ್ಧದ ಹೊತ್ತಿಗೆ ಅದನ್ನೂ 1,000 ಪೌಂಡಿನ ಲೇಸರ್ ಬಾಂಬನ್ನೂ ಮಿರಾಜ್‌ಗೆ ಹೊಂದಿಸಿದ್ದು ಭಾರತ. ಜೂನ್ 24ರಂದು ಟೈಗರ್ ಹಿಲ್ ಮೇಲೆ ಬಿದ್ದವು ಆ ಬಾಂಬುಗಳೇ. ಫ್ರೆಂಚ್ ಮಾದರಿಯನ್ನು ನಿಷ್ಠೆಯಿಂದ ಮಾಡಿದ ಆಟದಲ್ಲಿ ಆ ಪಾಡ್ ಹುಡುಕಿದರೆ ಸಿಗುವುದಿಲ್ಲ.

ದಾರಿ ಇದೆ. ಜಿಬಿಯು-16 ಬಾಂಬ್ ಏರಿಸಿ, ಅದು 1,000 ಪೌಂಡಿನದೇ. ಲೇಸರ್ ಬೆಳಕನ್ನು ಬೇರೆಯವರು ಹಾಯಿಸಲಿ: ಮಿಷನ್ ಎಡಿಟರ್‌ನಲ್ಲಿ ಗುರಿಗೆ ಎದುರಾದ ದಿಬ್ಬದ ಮೇಲೆ ನೆಲದ ಘಟಕವೊಂದನ್ನು ನಿಲ್ಲಿಸಿ, ಎಫ್‌ಎಸಿ (ವಿಮಾನಕ್ಕೆ ಗುರಿ ತೋರಿಸುವ) ಕೆಲಸ ವಹಿಸಿ, ಲೇಸರ್ ಕೋಡ್ 1688 ಕೊಡಿ. ಬಾಂಬಿನ ಕೋಡೂ ಅದೇ ಇರಬೇಕು. ವಿಮಾನ ನೆಲದ ಮೇಲಿರುವಾಗಲೇ ಹೊಂದಿಸಿ. ಬಾಂಬ್ ಗುರಿ ತಪ್ಪುವುದು ಬಹುಪಾಲು ಒಂದೇ ಕಾರಣಕ್ಕೆ: ನಡುವಿನ ಬೆಟ್ಟದ ಅಂಚು ಲೇಸರನ್ನು ತಡೆಯುತ್ತದೆ, ಚುಕ್ಕೆ ಈಚೆ ಇಳಿಜಾರಿನಲ್ಲೇ ಬೀಳುತ್ತದೆ. ಘಟಕ ನಿಂತ ಜಾಗದಿಂದ ಗುರಿ ನೇರ ಕಾಣುತ್ತದೆಯೇ ಎಂದು ಹಾರುವ ಮೊದಲೇ ಕ್ಯಾಮೆರಾ ಇಳಿಸಿ ನೋಡಿ. ಆಟದ ಕಾಕಸಸ್ ನಕ್ಷೆಯಲ್ಲಿ 5,642 ಮೀಟರ್ ಎತ್ತರದ ಎಲ್‌ಬ್ರಸ್ ಶಿಖರವಿದೆ; ಟೈಗರ್ ಹಿಲ್‌ನ ಎತ್ತರಕ್ಕೆ ಅದರ ಮಗ್ಗುಲು ಹೊಂದುತ್ತದೆ.

ಪ್ರಶ್ನೆ: ಮಿಗ್-21ಬಿಸ್ ತಗೊಂಡೆ. ಬೈಸನ್ ಅಂತ ಹಾರಿಸಬಹುದೇ?
— ಓದುಗರು, ಹುಮನಾಬಾದ್

ಉತ್ತರ: ಬೇಡ. ಬೈಸನ್ ಎಂದರೆ ಭಾರತದ ಸುಧಾರಿತ ಮಿಗ್-21; ಅದರಲ್ಲಿ ಕೊಪ್ಯೊ ರಾಡಾರ್, ಆರ್-73 ಮತ್ತು ಆರ್-77 ಕ್ಷಿಪಣಿಗಳು, ಶಿರಸ್ತ್ರಾಣದಿಂದಲೇ ಗುರಿ ಹಿಡಿಯುವ ಸೌಲಭ್ಯ ಇದ್ದವು. ಆಟದ ಬಿಸ್‌ನಲ್ಲಿ ಹಳೆಯ ಆರ್‌ಪಿ-22 ರಾಡಾರ್ ಇದೆ. ಮಿಷನ್ನಿನ ವರ್ಷವನ್ನು 1980-90ರ ದಶಕಕ್ಕೆ ಇಟ್ಟು ಆರ್-60 ಕ್ಷಿಪಣಿ ಏರಿಸಿ, ನಾಸಿಕದ ಎಚ್‌ಎಎಲ್ ಕಟ್ಟಿದ ಬಿಸ್ ಎಂದು ಹಾರಿಸಿದರೆ ತಪ್ಪಿಲ್ಲ.

ಪ್ರಶ್ನೆ: ಎಫ್-16ಕ್ಕೆ ಹತ್ತಾರು ದೇಶಗಳ ಬಣ್ಣ ಸಿಗುತ್ತದೆ. ಎಲ್ಲ ಒಂದೇ ವಿಮಾನವೇ?
— ಓದುಗರು, ಬಸವಕಲ್ಯಾಣ

ಉತ್ತರ: ಡಿಸಿಎಸ್‌ನಲ್ಲಿ ಯಾವ ಬಣ್ಣ ಹಾಕಿದರೂ ಒಳಗಿರುವುದು ಅಮೆರಿಕ ವಾಯುಪಡೆಯ ಸುಮಾರು 2007ರ ಬ್ಲಾಕ್ 50 (ಬ್ಲಾಕ್ ಎಂದರೆ ತಯಾರಿಕೆಯ ಸರಣಿ). ಬ್ಲಾಕ್ 30ರಿಂದ ಈಚೆಗೆ ಸಂಖ್ಯೆಯ ಕೊನೆಯ ಅಂಕಿ ನೋಡಿದರೆ ಎಂಜಿನ್ ತಿಳಿಯುತ್ತದೆ: ಸೊನ್ನೆ ಇದ್ದರೆ ಜನರಲ್ ಎಲೆಕ್ಟ್ರಿಕ್, 2 ಇದ್ದರೆ ಪ್ರ್ಯಾಟ್ ಆ್ಯಂಡ್ ವಿಟ್ನಿ. ಪಾಕಿಸ್ತಾನದ ಬ್ಲಾಕ್ 52ರಲ್ಲಿ ಎರಡನೆಯದಿದೆ; ಗಾಳಿ ಎಳೆದುಕೊಳ್ಳುವ ಬಾಯಿ ಕಿರಿದು, ಹಿಂದಿನ ನಾಜಲ್‌ನ ಆಕಾರವೂ ಬೇರೆ. ಇಸ್ರೇಲಿನ ಎಫ್-16 ಆದ ಸೂಫಾ ಎರಡು ಆಸನದ್ದು, ಬೆನ್ನಿನ ಇಕ್ಕೆಲಗಳಲ್ಲಿ ಇಂಧನ ಟ್ಯಾಂಕ್ ಅಂಟಿಕೊಂಡಿರುತ್ತದೆ. ನಾರ್ವೆಯ ಎಫ್-16ರ ಬಾಲದ ಬುಡದಲ್ಲಿ ಉದ್ದನೆಯ ಪೆಟ್ಟಿಗೆ ಇತ್ತು, ಹಿಮಗಟ್ಟಿದ ರನ್‌ವೇಯಲ್ಲಿ ನಿಲ್ಲಿಸುವ ಪ್ಯಾರಾಚೂಟ್ ಅದರಲ್ಲಿ. ಇವು ಯಾವುವೂ ಬಣ್ಣದಿಂದ ಬರುವುದಿಲ್ಲ. ಈ ಭೇದಗಳೇ ಮುಖ್ಯ ಎನ್ನುವವರು ಫಾಲ್ಕನ್ ಬಿಎಂಎಸ್ ಎಂಬ ಸಿಮ್ಯುಲೇಟರ್ ನೋಡಲೇಬೇಕು. ಎಫ್-16ರ ಬೇರೆ ಬೇರೆ ಬ್ಲಾಕ್‌ಗಳನ್ನು ಪ್ರತ್ಯೇಕವಾಗಿ ಕೊಟ್ಟಿದ್ದಾರೆ. ಅದು ಉಚಿತ, ಆದರೆ 1998ರ ಫಾಲ್ಕನ್ 4.0 ಆಟ ನಿಮ್ಮಲ್ಲಿ ಇರಬೇಕು.

ಪ್ರಶ್ನೆ: ಇಳಿಸಿಕೊಂಡ ಭಾರತೀಯ ಲಿವರಿ (ವಿಮಾನದ ಬಣ್ಣವಿನ್ಯಾಸ) ಪಟ್ಟಿಯಲ್ಲಿ ಕಾಣುವುದಿಲ್ಲ. ಇನ್ನೊಂದು ಕಂಡರೂ ಅರ್ಧ ರೆಕ್ಕೆಗೆ ಬಣ್ಣವಿಲ್ಲ, ಆಟವೂ ತಡವರಿಸುತ್ತದೆ.
— ಓದುಗರು, ಶಹಾಪುರ

ಉತ್ತರ: ಮೊದಲು ಫೋಲ್ಡರ್ ನೋಡಿ. ಜಿಪ್ ಬಿಚ್ಚಿದಾಗ ಫೋಲ್ಡರಿನೊಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಆಗಿರುತ್ತದೆ. ಲಿವರೀಸ್, ಅದರೊಳಗೆ ವಿಮಾನದ ಹೆಸರು, ಅದರೊಳಗೆ ಲಿವರಿ ಫೋಲ್ಡರ್, ಅದನ್ನು ತೆರೆದೊಡನೆ ಡಿಸ್ಕ್ರಿಪ್ಷನ್ ಡಾಟ್ ಲುವಾ ಫೈಲ್ ಕಾಣಬೇಕು. ಕಂಡರೆ ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಕಂಟ್ರೀಸ್ ಎಂಬ ಸಾಲು ಓದಿ. ಅಲ್ಲಿ ಭಾರತದ ಸಂಕೇತ ಐಎನ್‌ಡಿ ಇದ್ದು, ಮಿಷನ್ನಿನಲ್ಲಿ ವಿಮಾನ ಬೇರೆ ದೇಶದ ಹೆಸರಿನಲ್ಲಿದ್ದರೆ ಲಿವರಿ ಪಟ್ಟಿಗೆ ಬರುವುದಿಲ್ಲ. ವಿಮಾನವನ್ನು ಭಾರತಕ್ಕೆ ಸೇರಿಸಿ, ಇಲ್ಲವೆ ಆ ಸಾಲನ್ನೇ ತೆಗೆಯಿರಿ.

ಅರ್ಧ ರೆಕ್ಕೆಯ ತೊಂದರೆಯೂ ಅದೇ ಫೈಲಿನದು. ಪ್ರತಿ ಭಾಗದ ಸಾಲಿನ ಕೊನೆಗೆ ಟ್ರೂ ಅಥವಾ ಫಾಲ್ಸ್ ಇರುತ್ತದೆ. ಫಾಲ್ಸ್ ಎಂದರೆ ಚಿತ್ರ ಇದೇ ಫೋಲ್ಡರಿನಲ್ಲಿದೆ ಎಂದರ್ಥ, ಟ್ರೂ ಎಂದರೆ ಆಟದ ಮೂಲ ಚಿತ್ರ. ಫಾಲ್ಸ್ ಬರೆದು ಚಿತ್ರ ಇಡದಿದ್ದರೆ, ಅಥವಾ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಆ ಭಾಗ ಹಾಗೇ ಉಳಿಯುತ್ತದೆ.

ತಡವರಿಕೆಗೆ ಚಿತ್ರಗಳ ತೂಕ ನೋಡಿ. ಉದ್ದಗಲ 4096 ಪಿಕ್ಸೆಲ್ ಇರುವ ಚಿತ್ರವೊಂದನ್ನು ಕುಗ್ಗಿಸದೆ ಉಳಿಸಿದರೆ 64 ಎಂಬಿ; ಡಿಎಕ್ಸ್‌ಟಿ5 ಎಂಬ ಕುಗ್ಗಿಸುವ ವಿಧಾನದಲ್ಲಿ ಡಿಡಿಎಸ್ ಫೈಲ್ ಮಾಡಿದರೆ 16, ಡಿಎಕ್ಸ್‌ಟಿ1ರಲ್ಲಿ 8. ಮಿಪ್‌ಮ್ಯಾಪ್ (ಅದೇ ಚಿತ್ರದ ಕಿರಿದಾಗುತ್ತಾ ಹೋಗುವ ಪ್ರತಿಗಳು) ಸೇರಿಸಿದರೆ ಇನ್ನೊಂದು ಮೂರನೇ ಒಂದು ಪಾಲು ಹೆಚ್ಚುತ್ತದೆ, ಆದರೂ ಸೇರಿಸಲೇಬೇಕು. ಇಲ್ಲದಿದ್ದರೆ ದೂರದ ವಿಮಾನದ ಮೇಲ್ಮೈ ಮಿನುಗುತ್ತದೆ. 4 ಜಿಬಿ ಗ್ರಾಫಿಕ್ಸ್ ಕಾರ್ಡ್ ಇರುವವರು 2048ಕ್ಕೆ ಇಳಿಸಿದರೆ ಭಾರ ಕಾಲುಭಾಗಕ್ಕೆ ಬರುತ್ತದೆ. ಕಾಕ್‌ಪಿಟ್ಟಿನಲ್ಲಿ ಕೂತವರಿಗೆ ವ್ಯತ್ಯಾಸ ಕಾಣುವುದೇ ಇಲ್ಲ.