ಉಕ್ಕಿದ ಹಾಲು ಮತ್ತು ರಾಕಿ ಪರ್ವತದ ಬೇಟೆಗಾರರು

ಓದುಗರ ಪ್ರಶ್ನೆಗಳಿಗೆ ನಿವೃತ್ತ ಗ್ರಂಥಪಾಲಕಿಯೊಬ್ಬರ ಉತ್ತರ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಶಿಕ್ಷಕಿ. ನಮ್ಮ ಮನೆಯೊಳಗೆ ಮೊಟ್ಟೆಯೂ ಬರುವುದಿಲ್ಲ. ಹಲ್ಲಿಯನ್ನು ಸಹ ಪೊರಕೆಯಿಂದ ಮೆಲ್ಲಗೆ ಹೊರಗೆ ದಾಟಿಸುತ್ತೇನೆ. ಹೀಗಿದ್ದರೂ ಇನ್ನೂರು ವರ್ಷಗಳ ಹಿಂದೆ ಅಮೆರಿಕದ ರಾಕಿ ಪರ್ವತಗಳಲ್ಲಿ ಬೀವರ್ ಹಿಡಿದು, ಬೈಸನ್ ಹೊಡೆದು ಬದುಕಿದವರ ನಿಜಕತೆ ಕೈಗೆ ಸಿಕ್ಕರೆ ಒಲೆಯ ಮೇಲೆ ಹಾಲು ಉಕ್ಕಿದರೂ ಎದ್ದು ಹೋಗುವುದಿಲ್ಲ. ಯಜಮಾನರು ನಗುತ್ತಾರೆ. ಇದೆಂಥ ಚಪಲ?
(ಧಾರವಾಡದ ಓದುಗರು)

ಉತ್ತರ: ಯಜಮಾನರು ಧಾರಾಳವಾಗಿ ನಗಲಿ, ನಕ್ಕ ಮೇಲೆ ಹಾಲಿನ ಪಾತ್ರೆಯನ್ನು ಅವರೇ ಉಜ್ಜಲಿ.

ಗ್ರಂಥಾಲಯದ ಮೇಜಿನ ಹಿಂದೆ ಬಹಳ ಕಾಲ ಕುಳಿತವರಿಗೆ ಒಂದು ಗುಟ್ಟು ತಿಳಿದಿರುತ್ತದೆ. ಹೆಚ್ಚು ಕೈ ಬದಲಾಯಿಸಿದ ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟರೆ ಅದು ತನಗೆ ಅಭ್ಯಾಸವಾದ ಪುಟದಲ್ಲಿ ತಾನೇ ತೆರೆದುಕೊಳ್ಳುತ್ತದೆ. ಬೇಟೆಯ ಪುಸ್ತಕಗಳು ಗುಂಡು ಹಾರಿದ ಪುಟದಲ್ಲಿ ತೆರೆದುಕೊಂಡದ್ದನ್ನು ನಾನು ನೋಡಿದ್ದು ಅಪರೂಪ. ಅವು ತೆರೆದುಕೊಳ್ಳುತ್ತಿದ್ದುದು ಬಿಡಾರ ಹೂಡುವ ಪುಟದಲ್ಲಿ, ಬುತ್ತಿ ಕಟ್ಟುವ ಪುಟದಲ್ಲಿ, ಮಳೆಯಲ್ಲಿ ಬೆಂಕಿ ಹೊತ್ತಿಸಲು ಹೆಣಗುವ ಪುಟದಲ್ಲಿ. ನಿಮ್ಮ ಪುಸ್ತಕವನ್ನೂ ಹಾಗೆಯೇ ಬಿಟ್ಟು ನೋಡಿ.

ಆಸ್ಬೋರ್ನ್ ರಸೆಲ್‌ನನ್ನೇ ತೆಗೆದುಕೊಳ್ಳಿ. ಮೇನ್ ರಾಜ್ಯದ ಹಳ್ಳಿ ಹುಡುಗ, 1814ರಲ್ಲಿ ಹುಟ್ಟಿದವನು. ಇಪ್ಪತ್ತರ ಆಸುಪಾಸಿನಲ್ಲಿ, 1834ರಲ್ಲಿ, ಒಂದು ತಂಡದ ಜೊತೆ ಪಶ್ಚಿಮಕ್ಕೆ ಹೊರಟ. ಸುಮಾರು ಒಂಬತ್ತು ವರ್ಷ ಬೆಟ್ಟಗಳಲ್ಲಿ ಬೀವರ್ ಹಿಡಿದ. ಆತನ ದಿನಚರಿ ಅಚ್ಚಾದದ್ದು 1914ರಲ್ಲಿ, ಆತ ಸತ್ತು ಎಷ್ಟೋ ವರ್ಷಗಳ ಮೇಲೆ. ಅದರಲ್ಲಿ ಪ್ರಾಣಿ ಸಾಯುವುದು ಒಂದೇ ಸಾಲಿನಲ್ಲಿ, ನಾವು ಅಕ್ಕಿ ತಂದದ್ದನ್ನು ಮನೆಖರ್ಚಿನ ಪುಸ್ತಕದಲ್ಲಿ ಬರೆದಿಡುವಷ್ಟೇ ನಿರ್ವಿಕಾರವಾಗಿ. ಉಳಿದ ಜಾಗವೆಲ್ಲ ಹೊಳೆ ಯಾವ ದಿಕ್ಕಿಗೆ ತಿರುಗಿತು, ಹಿಮ ಎಷ್ಟು ಆಳವಿತ್ತು, ಕುದುರೆಗೆ ಹುಲ್ಲು ಎಲ್ಲಿ ಸಿಕ್ಕಿತು ಎಂಬುದಕ್ಕೆ ಮೀಸಲು.

ಬೀವರ್ ಹಿಡಿಯುವ ಕೆಲಸವನ್ನು ತುಸು ಹತ್ತಿರದಿಂದ ನೋಡೋಣ. ಬೀವರ್ ಎಂದರೆ ಮರ ಕಡಿದು ಹೊಳೆಗೆ ಅಡ್ಡಗಟ್ಟೆ ಕಟ್ಟುವ, ಚಪ್ಪಟೆ ಬಾಲದ ದಂಶಕ. ಉಕ್ಕಿನ ಬೋನನ್ನು ದಡದ ಹತ್ತಿರ, ನೀರಿನ ಮಟ್ಟದಿಂದ ಕೆಲವೇ ಅಂಗುಲ ಕೆಳಗೆ ಇಡಬೇಕು. ಅದರ ಸರಪಳಿಯನ್ನು ಆಳದ ಕಡೆಗೆ ಎಳೆದು ಒಣ ಗಳುವಿಗೆ ಬಿಗಿಯಬೇಕು. ಬೋನಿನ ಮೇಲೆ ಬಾಗುವಂತೆ ಒಂದು ಕಡ್ಡಿ ನೆಟ್ಟು, ಅದರ ತುದಿಗೆ ಬೀವರ್‌ನದೇ ಬಾಲದ ಬುಡದ ಗ್ರಂಥಿಯಿಂದ ತೆಗೆದ ಘಾಟು ವಾಸನೆಯ ದ್ರವ್ಯವನ್ನು ಸವರಬೇಕು. ತನ್ನ ಜಾಗಕ್ಕೆ ಬಂದ ಅಪರಿಚಿತ ಯಾರೆಂದು ಮೂಸಲು ಬಂದ ಬೀವರ್‌ನ ಕಾಲು ಬೋನಿಗೆ ಸಿಕ್ಕುತ್ತದೆ. ಹೆದರಿ ಆಳಕ್ಕೆ ಧುಮುಕುತ್ತದೆ, ಬೋನಿನ ಭಾರಕ್ಕೆ ಮೇಲೇಳಲಾಗದೆ ಮುಳುಗುತ್ತದೆ. ಕ್ರೂರವೇ, ಅನುಮಾನವಿಲ್ಲ. ಮನುಷ್ಯನ ವಾಸನೆ ದಡದಲ್ಲಿ ಉಳಿಯಬಾರದೆಂದು ಇಷ್ಟನ್ನೂ ನೀರಿನಲ್ಲೇ ನಡೆದು ಮಾಡಬೇಕು. ತುಪ್ಪಳ ಚೆನ್ನಾಗಿರುವುದು ಚಳಿಯ ಕಾಲದಲ್ಲಿ, ಅಂದರೆ ನೀರೂ ಕೊರೆಯುತ್ತಿರುವಾಗ. ಹೀಗಾಗಿ ಮೂವತ್ತು ದಾಟುವುದರೊಳಗೆ ಸಂಧಿವಾತ ಅಂಟಿಕೊಂಡವರು ಅವರಲ್ಲಿ ಕಡಿಮೆಯಿರಲಿಲ್ಲ.

ಈಗ ಇನ್ನೊಂದು ಪುಟ. 1839ರ ಆಗಸ್ಟ್‌ನಲ್ಲಿ, ಇಂದು ರಾಷ್ಟ್ರೀಯ ಉದ್ಯಾನವಾಗಿರುವ ಯೆಲ್ಲೋಸ್ಟೋನ್ ಸರೋವರದ ಬಳಿ, ಬ್ಲ್ಯಾಕ್‌ಫೀಟ್ ಎಂಬ ಮೂಲನಿವಾಸಿ ಜನಾಂಗದ ಯೋಧರು ರಸೆಲ್‌ನ ಬಿಡಾರದ ಮೇಲೆ ಬಿದ್ದರು. ಸೊಂಟಕ್ಕೊಂದು, ಕಾಲಿಗೊಂದು ಬಾಣ ತಗಲಿದರೂ ಆತ ಮತ್ತು ಗಾಯಗೊಂಡ ಒಬ್ಬ ಸಂಗಾತಿ ಪೊದೆಗಳಲ್ಲಿ ಅಡಗಿ ಉಳಿದರು. ಸಂಗಾತಿ ಇಲ್ಲೇ ಸಾಯುತ್ತೇವೆ ಎಂದು ಗೋಳಾಡಿದರೆ ರಸೆಲ್ ಅವನನ್ನು ಬೈದು ಎಬ್ಬಿಸಿದ. ಊರುಗೋಲು ಊರಿಕೊಂಡು ಹೊರಟವನು ಗಾಯಕ್ಕೆ ಹಚ್ಚಿಕೊಂಡದ್ದು ಏನು ಗೊತ್ತೇ? ಬೋನಿನ ಕಡ್ಡಿಗೆ ಸವರುತ್ತಿದ್ದ ಅದೇ ದ್ರವ್ಯವನ್ನು ಬೀವರ್ ಎಣ್ಣೆಯಲ್ಲಿ ಕಲಸಿ ಮಾಡಿದ ಮುಲಾಮು. ಮೊದಲು ಉಪ್ಪುನೀರಿನಲ್ಲಿ ತೊಳೆದ, ಆಮೇಲೆ ಇದನ್ನು ಹಚ್ಚಿದ. ಇಷ್ಟನ್ನೂ ಬರೆದಿಟ್ಟಿದ್ದಾನೆ. ತಾನು ಧೀರ ಎಂದು ಮಾತ್ರ ಎಲ್ಲಿಯೂ ಹೇಳಿಕೊಳ್ಳುವುದಿಲ್ಲ.

ನಿಮ್ಮನ್ನು ಒಲೆಯ ಮುಂದಿನಿಂದ ಏಳಗೊಡದ್ದು ಇದೇ ಎಂದು ನನ್ನ ಅಂದಾಜು. ಕೈಯಲ್ಲಿರುವ ನಾಲ್ಕು ವಸ್ತುಗಳಿಂದಲೇ ಸಂಜೆಯವರೆಗೆ ಬದುಕಬೇಕಾದ ಮನುಷ್ಯ ಆ ನಾಲ್ಕನ್ನೂ ಎಷ್ಟು ಚೆನ್ನಾಗಿ ಬಲ್ಲ ಎಂಬ ಬೆರಗು. ಅದಕ್ಕೆ ಮಾಂಸಾಹಾರಿಯೇ ಆಗಬೇಕೆಂದಿಲ್ಲ.

ಸ್ವಾತಂತ್ರ್ಯದ ಸೆಳೆತ ಎಂದು ಕೆಲವರು ಬರೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅವರಲ್ಲಿ ಬಹಳಷ್ಟು ಮಂದಿ ತುಪ್ಪಳ ಕಂಪನಿಗಳ ಆಳುಗಳು. 1825ರಿಂದ 1840ರವರೆಗೆ ಹೆಚ್ಚುಕಡಿಮೆ ಪ್ರತಿ ಬೇಸಿಗೆಯಲ್ಲಿ ಬೆಟ್ಟದ ಬಯಲಿನಲ್ಲಿ ಒಂದು ಜಾತ್ರೆ ಸೇರುತ್ತಿತ್ತು. ವರ್ಷವಿಡೀ ಹಿಡಿದ ಚರ್ಮ ಕೊಟ್ಟು ಮದ್ದುಗುಂಡು, ಸಕ್ಕರೆ, ಕಾಫಿ, ಸಾರಾಯಿಯನ್ನು ಪೇಟೆಗಿಂತ ಹಲವು ಪಟ್ಟು ಬೆಲೆಗೆ ಕೊಳ್ಳುವುದು, ಸಾಲದಲ್ಲಿ ಮತ್ತೆ ಬೆಟ್ಟ ಹತ್ತುವುದು. ಈ ಸ್ವಾತಂತ್ರ್ಯ ನಮಗೂ ಗೊತ್ತಿರುವಂಥದ್ದೇ!

ನೀವು ಶಿಕ್ಷಕಿಯಾದ್ದರಿಂದ ಇನ್ನೊಂದು ವಿಷಯ. ಒಂದು ಚಳಿಗಾಲದಲ್ಲಿ ಓದಲು ತನ್ನ ಬಳಿ ಏನೇನಿತ್ತು ಎಂದು ರಸೆಲ್ ಬರೆದಿದ್ದಾನೆ: ಶೇಕ್ಸ್‌ಪಿಯರ್, ಬೈರನ್, ಸ್ಕಾಟ್, ಬೈಬಲ್ ಮತ್ತು ಅದರ ವ್ಯಾಖ್ಯಾನ, ಜೊತೆಗೆ ಭೂವಿಜ್ಞಾನ, ರಸಾಯನಶಾಸ್ತ್ರದ ಸಣ್ಣಪುಟ್ಟ ಪುಸ್ತಕಗಳು. ಗುಡಾರದೊಳಗಿನ ವಾದವಿವಾದಗಳನ್ನು ಆತ ತಮಾಷೆಗೆ ರಾಕಿ ಪರ್ವತದ ಕಾಲೇಜು ಎಂದು ಕರೆದ. ನಾನು ಕಂಡ ಕೆಲವು ಕಾಲೇಜುಗಳಿಗಿಂತ ಅಲ್ಲಿಯ ಪುಸ್ತಕಗಳಿಗೆ ಹೆಚ್ಚು ಗೌರವವಿತ್ತು.

ಪ್ರಶ್ನೆ: ಕರಡಿಯ ಬಾಯಿಗೆ ಸಿಕ್ಕಿ, ಸಂಗಾತಿಗಳು ಬಿಟ್ಟುಹೋದ ಮೇಲೆ ತೆವಳಿಕೊಂಡೇ ಬದುಕಿ ಬಂದ ಹ್ಯೂ ಗ್ಲಾಸ್‌ನ ಕತೆ ನಿಜವೇ? 2015ರ ಹಾಲಿವುಡ್ ಚಿತ್ರ ನೋಡಿದಾಗಿನಿಂದ ಗೆಳೆಯರ ನಡುವೆ ವಾದ ನಡೆದಿದೆ.
(ಶಿವಮೊಗ್ಗದ ಓದುಗರು)

ಉತ್ತರ: ಬುಡ ನಿಜ, ಕೊಂಬೆಗಳನ್ನು ಬೇರೆಯವರು ಕಸಿ ಮಾಡಿದ್ದು.

1823ರ ಆಗಸ್ಟ್‌ನಲ್ಲಿ, ಈಗಿನ ದಕ್ಷಿಣ ಡಕೋಟಾದ ಗ್ರಾಂಡ್ ನದಿಯ ಬಳಿ, ಮರಿಗಳ ಜೊತೆಗಿದ್ದ ಗ್ರಿಜ್ಲಿ ಕರಡಿಯೊಂದು ಗ್ಲಾಸ್‌ನನ್ನು ಸಿಗಿದುಹಾಕಿತು. ಸಾಯುವವರೆಗೆ ಕಾದಿದ್ದು ಹೂಳಿ ಬನ್ನಿ ಎಂದು ತಂಡದ ನಾಯಕ ಇಬ್ಬರನ್ನು ಬಿಟ್ಟು ಮುಂದೆ ಹೋದ. ಆಸಾಮಿ ಸಾಯಲಿಲ್ಲ. ಕಾದವರು ಬೇಸತ್ತೋ ಹೆದರಿಯೋ ಅವನ ಬಂದೂಕನ್ನೂ ಎತ್ತಿಕೊಂಡು ನಡೆದುಬಿಟ್ಟರು. ಬೇರು, ಕಾಡುಹಣ್ಣು, ತೋಳಗಳು ಕೊಂದ ಬೈಸನ್ ಕರುವಿನ ಮಾಂಸ ತಿನ್ನುತ್ತ ಗ್ಲಾಸ್ ಸುಮಾರು 300 ಕಿಲೋಮೀಟರ್ ದೂರದ ಕಯೋವಾ ಕೋಟೆಯನ್ನು ಮುಟ್ಟಿದ.

ಚಿತ್ರದ ಹಿಮ, ಕೊಲೆಯಾದ ಮಗ, ರಕ್ತದ ಸೇಡು ಹಳೆಯ ವೃತ್ತಾಂತದಲ್ಲಿ ಇಲ್ಲ. ಬಿಟ್ಟುಹೋದವರಲ್ಲಿ ಕಿರಿಯನನ್ನು ಎಳೆಯವನೆಂದು ಕ್ಷಮಿಸಿದ, ಹಿರಿಯನು ಅಷ್ಟರಲ್ಲಿ ಸೈನ್ಯ ಸೇರಿದ್ದರಿಂದ ಅವನ ಮೈ ಮುಟ್ಟುವಂತಿರಲಿಲ್ಲ, ಬಂದೂಕನ್ನು ವಾಪಸ್ ಪಡೆದು ಸುಮ್ಮನಾದ ಎಂದೇ ಅದು ಹೇಳುತ್ತದೆ. ಸಾವಿನ ದವಡೆಯಿಂದ ತೆವಳಿ ಬಂದವನು ಕೊನೆಗೆ ಕೇಳಿದ್ದು ತನ್ನ ಬಂದೂಕನ್ನು! ಈ ವಿವರಕ್ಕಾಗಿಯೇ ನಾನು ಕತೆಯನ್ನು ನಂಬುತ್ತೇನೆ. ಸೇಡನ್ನು ಯಾರು ಬೇಕಾದರೂ ಕಲ್ಪಿಸಬಹುದು.

ಆದರೆ ಇದನ್ನು ಗ್ಲಾಸ್ ಸ್ವತಃ ಬರೆದಿಲ್ಲ. ಫಿಲಡೆಲ್ಫಿಯಾದ ಪತ್ರಿಕೆಯೊಂದರಲ್ಲಿ 1825ರಲ್ಲಿ ಬೇರೆಯವರು ಬರೆದದ್ದೇ ಮೊದಲ ಮುದ್ರಿತ ಕತೆ. ಗ್ಲಾಸ್‌ನದೆಂದು ಉಳಿದಿರುವುದು ಒಂದೇ ಪತ್ರ, ಅದೂ ಅರಿಕರ ಜನರೊಡನೆ ನಡೆದ ಕಾಳಗದಲ್ಲಿ ಮಡಿದ ಯುವಕನೊಬ್ಬನ ಮನೆಯವರಿಗೆ ಬರೆದದ್ದು. ಅದರಲ್ಲಿ ಕರಡಿಯಿಲ್ಲ.

ನಿಜಕತೆ ಎಂದು ಹೆಸರು ಹೊತ್ತದ್ದನ್ನೆಲ್ಲ ನಂಬಬೇಡಿ. ಪ್ರತಿ ಅಧ್ಯಾಯದಲ್ಲೂ ಹೇಳುವವನೇ ಗೆದ್ದರೆ ಅನುಮಾನಪಡಿ. ಜಿಮ್ ಬೆಕ್‌ವರ್ತ್‌ನ ಆತ್ಮಕತೆ 1856ರಲ್ಲಿ ಬಂದಾಗಿನಿಂದ ಅವನಿಗೆ ಬಡಾಯಿಕೋರನೆಂಬ ಹೆಸರು ಅಂಟಿದೆ. ಗುಲಾಮಳಾಗಿದ್ದ ತಾಯಿಯ ಮಗನಾಗಿ ಹುಟ್ಟಿ ಬೆಟ್ಟಗಳಲ್ಲಿ ಹೆಸರು ಮಾಡಿದ ಆ ಮನುಷ್ಯನ ಬದುಕು ಬಡಾಯಿಯಿಲ್ಲದೆಯೂ ಸಾಕಷ್ಟು ದೊಡ್ಡದಾಗಿತ್ತು.

ಪ್ರಶ್ನೆ: ಇವೆಲ್ಲ ಬಿಳಿಯರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡ ಕತೆಗಳಲ್ಲವೇ? ಅಲ್ಲಿಯ ಮೂಲನಿವಾಸಿಗಳು ಎಲ್ಲಿ ಹೋದರು?
(ಮೈಸೂರಿನ ವಿದ್ಯಾರ್ಥಿನಿ)

ಉತ್ತರ: ಎಲ್ಲಿಯೂ ಹೋಗಿರಲಿಲ್ಲ, ಅದು ಅವರ ಮನೆ. ನಿರ್ಜನ ಕಾಡು ಎಂದು ಬೇಟೆಗಾರ ಬರೆದ ಜಾಗದಲ್ಲಿ ಆತ ನಡೆದದ್ದು ಶೋಶೋನಿ, ಕ್ರೋ ಜನರು ತುಳಿದು ಮಾಡಿದ ದಾರಿಯಲ್ಲಿ. ಕಾಲಿನ ಮೊಕಾಸಿನ್, ಕೊಬ್ಬು ಬೆರೆಸಿದ ಒಣಮಾಂಸದ ಪೆಮ್ಮಿಕನ್, ಹಿಮದಲ್ಲಿ ಹುಗಿಯದಂತೆ ನಡೆಯುವ ಜಾಲರಿ ಮೆಟ್ಟು, ಎಲ್ಲವೂ ಅವರಿಂದ ಕಲಿತದ್ದು. ಎಷ್ಟೋ ಬಿಡಾರಗಳಲ್ಲಿ ಚರ್ಮ ಹೆರೆದು ಹದ ಮಾಡುತ್ತಿದ್ದವರು ಬೇಟೆಗಾರರ ಮೂಲನಿವಾಸಿ ಹೆಂಡತಿಯರು. ದಿನಚರಿಗಳಲ್ಲಿ ಅವರ ಹೆಸರು ಹುಡುಕಿದರೆ ಕಣ್ಣು ನೋಯುತ್ತದೆ.

1837ರಲ್ಲಿ ತುಪ್ಪಳ ಕಂಪನಿಯ ಹಬೆಹಡಗಿನ ಜೊತೆ ಸಿಡುಬು ಮಿಸೌರಿ ನದಿಯ ಮೇಲ್ಭಾಗಕ್ಕೆ ಬಂತು. ಮಂಡಾನ್ ಜನಾಂಗ ಹೆಚ್ಚುಕಡಿಮೆ ಅಳಿದೇಹೋಯಿತು. ಇತ್ತ ಸ್ನೇಕ್ ನದಿಯ ಸೀಮೆಯಲ್ಲಿ ಬ್ರಿಟಿಷರ ಹಡ್ಸನ್ ಬೇ ಕಂಪನಿ, ಅಮೆರಿಕನ್ನರು ಬರುವುದಕ್ಕೆ ಕಾರಣವೇ ಇರಬಾರದೆಂದು ಬೀವರ್‌ಗಳನ್ನು ಬೇಕೆಂದೇ ಬಳಿದು ಮುಗಿಸುವ ನೀತಿ ಹಿಡಿದಿತ್ತು. ಶೌರ್ಯದ ಪುಟಗಳ ಪಕ್ಕದಲ್ಲಿ ಇದನ್ನೂ ಇಟ್ಟುಕೊಂಡು ಓದಿ. ಕ್ರೋ ಜನಾಂಗದ ಪ್ರೆಟಿ ಶೀಲ್ಡ್ ಎಂಬ ವೃದ್ಧೆ ಕೈಸನ್ನೆಯಲ್ಲೂ ದುಭಾಷಿಯ ಮೂಲಕವೂ ಹೇಳಿ ಬರೆಸಿದ ಬಾಳಿನ ಕತೆ 1932ರಲ್ಲಿ ಅಚ್ಚಾಗಿದೆ. ಬೇಟೆಯಿಂದ ಮರಳಿದ ಗಂಡಸು ಕೋವಿ ಒರಗಿಸಿ ಕುಳಿತ ಮೇಲೆ ಹೆಂಗಸಿನ ಕೆಲಸ ಎಲ್ಲಿಂದ ಶುರುವಾಗುತ್ತಿತ್ತು ಎಂಬುದು ಅಂಥ ಕತೆಗಳಲ್ಲಿ ಸಿಗುತ್ತದೆ.

ಪ್ರಶ್ನೆ: ಪಿಯುಸಿ ಓದುತ್ತಿರುವ ಮಗ ಅಲಾಸ್ಕದ ಕಾಡಿನಲ್ಲಿ ಒಬ್ಬನೇ ಮನೆ ಕಟ್ಟಿಕೊಂಡು ಬದುಕಿದವನ ಕತೆ ಓದಿ, ತಾನೂ ಪಶ್ಚಿಮಘಟ್ಟದಲ್ಲಿ ಹಾಗೆಯೇ ಇರುತ್ತೇನೆ ಎನ್ನುತ್ತಿದ್ದಾನೆ. ಏನು ಹೇಳಲಿ?
(ಹಾಸನದ ತಂದೆ)

ಉತ್ತರ: ರಿಚರ್ಡ್ ಪ್ರೊನೆಕಿಯ ಕತೆ ಓದಿರಬೇಕು. ಒಳ್ಳೆಯ ಅಭಿರುಚಿ, ಬೈಯಬೇಡಿ. ಆದರೆ 1968ರಲ್ಲಿ ಟ್ವಿನ್ ಲೇಕ್ಸ್ ದಂಡೆಯಲ್ಲಿ ಮರದ ಮನೆ ಕಟ್ಟುವಾಗ ಆತನಿಗೆ ಐವತ್ತು ದಾಟಿತ್ತು ಎಂದು ನೆನಪಿಸಿ. ಅದಕ್ಕೆ ಮೊದಲು ಮೆಕ್ಯಾನಿಕ್ ಆಗಿ, ಬಡಗಿಯಾಗಿ ಕೈ ಪಳಗಿಸಿಕೊಂಡವನು. ಕೆಲವು ಉಪಕರಣಗಳ ಕಬ್ಬಿಣದ ಭಾಗವನ್ನಷ್ಟೇ ಹೊತ್ತುಕೊಂಡು ಹೋಗಿ, ಹಿಡಿಗಳನ್ನು ಅಲ್ಲಿಯೇ ಕೆತ್ತಿಕೊಂಡ. ಬಾಗಿಲಿನ ತಿರುಗಣೆಯೂ ಮರದ್ದೇ. ಹಾಗಿದ್ದೂ ಕಾಳು, ಹಿಟ್ಟು, ಅಂಚೆ ತಂದುಕೊಡಲು ಪರಿಚಯದ ಪೈಲಟ್ ಆಗಾಗ ಪುಟ್ಟ ವಿಮಾನದಲ್ಲಿ ಬಂದಿಳಿಯುತ್ತಿದ್ದ.

ಮೊಲ ಹೊಡೆದು ತಿಂದರಾಯಿತು ಎಂದು ಹುಡುಗ ಹೇಳಿದರೆ, ಕೊಬ್ಬಿಲ್ಲದ ಮೊಲದ ಮಾಂಸವನ್ನೇ ತಿನ್ನುತ್ತ ಹೋದವನು ಹೊಟ್ಟೆ ತುಂಬಿದ್ದರೂ ಹಸಿವು ತಣಿಯದೆ, ಭೇದಿ ಹತ್ತಿ ಸೊರಗುತ್ತಾನೆಂದು ತಿಳಿಸಿ. ಉತ್ತರದ ಕಾಡುಗಳಲ್ಲಿ ಅದನ್ನು ಮೊಲದ ಬರ ಎಂದೇ ಕರೆಯುತ್ತಾರೆ. ನಮ್ಮಲ್ಲಂತೂ 1972ರ ವನ್ಯಜೀವಿ ಕಾಯ್ದೆಯಿದೆ. ಮೊಲಕ್ಕೆ ಗುರಿಯಿಟ್ಟರೆ ಕಾಡಿನಲ್ಲಿ ಮನೆಯಲ್ಲ, ಠಾಣೆಯಲ್ಲಿ ಜಾಗ ಸಿಗುತ್ತದೆ. ರಜೆಯಲ್ಲಿ ಅವನನ್ನು ಒಬ್ಬ ಒಳ್ಳೆಯ ಬಡಗಿಯ ಹತ್ತಿರ ಕಳುಹಿಸಿ. ಉಳಿ ಮಸೆಯುವುದು ಬಂದ ಮೇಲೆ ಮುಂದಿನ ಮಾತು.

ಪ್ರಶ್ನೆ: ಇಂಥ ಬರವಣಿಗೆ ನಮ್ಮ ಸೀಮೆಯದು ಇಲ್ಲವೇ?
(ತುಮಕೂರಿನ ಓದುಗರು)

ಉತ್ತರ: ಬೇಟೆಯದು ಧಾರಾಳವಾಗಿದೆ. ಬೆಂಗಳೂರಿನಲ್ಲಿ ನೆಲೆಸಿದ್ದ ಕೆನೆತ್ ಆಂಡರ್ಸನ್ ಇಂಗ್ಲಿಷ್‌ನಲ್ಲಿ ಬರೆದದ್ದನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದರು. ಅವು ನರಭಕ್ಷಕನ ಹಿಂದೆ ಹೋಗಿ ಕೆಲಸ ಮುಗಿಸಿ ಊರಿಗೆ ಮರಳುವವರ ಕತೆಗಳು, ಹಾಗಾಗಿ ಉಸಿರು ಬಿಗಿಹಿಡಿಸುತ್ತವೆ. ರಸೆಲ್‌ನಂತೆ ಅಲ್ಲೇ ಉಂಡು ಮಲಗಿದವನ ದಿನಚರಿ ಬೇರೆ ಜಾತಿಯದು. ಅದಕ್ಕೆ ಹತ್ತಿರ ಬರುವುದು 1870ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಕಾಡಾನೆ ಹಿಡಿಯುವ ಖೆಡ್ಡಾ ನಡೆಸಿದ ಬ್ರಿಟಿಷ್ ಅಧಿಕಾರಿ ಸ್ಯಾಂಡರ್ಸನ್‌ನ ಬರಹ. ಕಂದಕ ತೋಡುವುದು, ಸಾಕಾನೆಗಳನ್ನು ಒಳಗೆ ಬಿಡುವುದು ಎಲ್ಲವನ್ನೂ ಮೇಸ್ತ್ರಿಯಂತೆ ವಿವರಿಸುತ್ತಾನೆ. ಆತನಿಗೆ ಜಾಡು ತೋರಿಸಿದ ಕಾಡುಕುರುಬರು ತಾವೇ ಬರೆದಿದ್ದರೆ ಇಬ್ಬರನ್ನೂ ಮೀರಿಸುತ್ತಿದ್ದರು.

ಪ್ರಶ್ನೆ: ಇಷ್ಟು ಕಷ್ಟಪಟ್ಟು ಹಿಡಿದ ಬೀವರ್‌ನಿಂದ ಏನು ಮಾಡುತ್ತಿದ್ದರು? ಆ ಕಸುಬು ಏಕೆ ನಿಂತಿತು?
(ಕಾರವಾರದ ಓದುಗರು)

ಉತ್ತರ: ಟೋಪಿ. ಯೂರೋಪಿನ ಸಾಹೇಬರ ತಲೆಯ ಮೇಲಿನ ಟೋಪಿ. ಬೀವರ್‌ನ ಒಳತುಪ್ಪಳದ ಎಳೆಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳಿರುತ್ತವೆ. ಮಿದಿದರೆ ಒಂದಕ್ಕೊಂದು ಹೆಣೆದುಕೊಂಡು ಮಳೆಗೂ ಜಗ್ಗದ ಫೆಲ್ಟ್ ಎಂಬ ದಪ್ಪ ಬಟ್ಟೆ ಆಗುತ್ತದೆ. 1830ರ ದಶಕದಲ್ಲಿ ರೇಷ್ಮೆ ಟೋಪಿಯ ಶೋಕಿ ಬಂತು, ಅಷ್ಟರಲ್ಲಿ ಹೊಳೆಗಳೂ ಬರಿದಾಗಿದ್ದವು. 1840ರಲ್ಲಿ ಕೊನೆಯ ಜಾತ್ರೆ ಸೇರಿತು.

ರಸೆಲ್ ಒರೆಗಾನ್‌ಗೆ ಹೋಗಿ ಕಾನೂನು ಓದಿ ನ್ಯಾಯಾಧೀಶನಾದ. ಗ್ರಿಜ್ಲಿಗಳ ನಡುವೆ, ಬಾಣಗಳ ನಡುವೆ ಅಷ್ಟು ವರ್ಷ ಉಳಿದು ಬಂದವನು ಒಂದು ಕಣ್ಣು ಕಳೆದುಕೊಂಡದ್ದು ಅಲ್ಲಿ, ಗಿರಣಿಗೆ ನೀರು ಹರಿಸುವ ಕಾಲುವೆಗಾಗಿ ಬಂಡೆ ಸಿಡಿಸುವಾಗ.